ಸೊಪ್ಪು ಸೇರಿಸಿದರೆ ಸೋಪು

ನಮ್ಮ ಮನೆಯ ಸಾಮಾನಿನ ಪಟ್ಟಿ ಈಗ ಚೀಟಿಯಲ್ಲಿಲ್ಲ. ಮಗ ಮಾಡಿಕೊಟ್ಟ ವೆಬ್ ಪುಟದಲ್ಲಿದೆ. ನನ್ನಾಕೆ ಮನೆಯಲ್ಲಿ ಬರೆದದ್ದು ಅಂಗಡಿಯಲ್ಲಿರುವ ನನ್ನ ಫೋನಿಗೆ ಆ ಕ್ಷಣವೇ ಬರುತ್ತದೆ. ಬರುತ್ತದೆ, ನಿಜ, ಬಂದದ್ದು ತಿಳಿಯಬೇಕಲ್ಲ! ನಾನು ನಡುವಿನ ಬೇಳೆ ಬೆಲ್ಲ ನೋಡುತ್ತಿದ್ದಾಗ ಅಮ್ಮನ ರಕ್ತದೊತ್ತಡದ ಮಾತ್ರೆ ಪಟ್ಟಿಯ ತುದಿಗೆ ಸದ್ದಿಲ್ಲದೆ ಬಂದು ಕುಳಿತಿತ್ತು. ಅದನ್ನು ಬಿಟ್ಟು ಮನೆಗೆ ಬಂದೆ. ಅಮ್ಮ ಏನೂ ಅನ್ನಲಿಲ್ಲ. ಖಾಲಿ ಡಬ್ಬಿಯನ್ನು ಮುಚ್ಚಿಟ್ಟಳು. ರಾತ್ರಿಯೇ ಮತ್ತೆ ಔಷಧದಂಗಡಿಗೆ ಓಡಿದೆ.

"ಪಂಕ್ತಿಗೆ ತಡವಾಗಿ ಬಂದವರಿಗೆ ಉಳಿದವರು ಸರಿದು ಜಾಗ ಕೊಡೋದಿಲ್ಲವೇ ಅಪ್ಪಾ, ಹಾಗೇ ಮಾಡ್ತೀನಿ" ಎಂದ ಮಗ. ಹೊಸ ಸಾಲು ೨೫೦ ಮಿಲಿಸೆಕೆಂಡು, ಎಂದರೆ ಕಾಲು ಸೆಕೆಂಡಿನಲ್ಲಿ ಜಾರಿ ಬರುವಂತೆ ಮಾಡಿದ. ಆದರೆ ಮೇಲೆ ಸೊಪ್ಪು ಸೇರಿಸಿದರೆ ಕೆಳಗಿನ ಸೋಪು ಕುಣಿಯಿತು! ಸಾಲುಗಳಿಗೆ ಅವನು ಕೊಟ್ಟಿದ್ದ ಗುರುತು ಬರಿಯ ಕ್ರಮಸಂಖ್ಯೆ. ಸೊಪ್ಪು ಒಂದನೆಯದಾದೊಡನೆ ಉಳಿದವೆಲ್ಲ ಒಂದೊಂದು ಮಣೆ ಕೆಳಗಾದವು. ಹೊಸ ಸಂಖ್ಯೆ ಸಿಕ್ಕಿದ್ದು ಕೊನೆಯ ಸೋಪಿಗೆ. ಯಂತ್ರ ಅದನ್ನೇ ಹೊಸಬನೆಂದಿತು. ಪ್ರತಿಯೊಂದಕ್ಕೂ ಬದಲಾಗದ ಗುರುತು ಕೊಟ್ಟ ಮೇಲೆ ಸರಿಹೋಯಿತು.

ನನಗೋ ತಲೆಸುತ್ತು, ಜಾರುವ ಸಾಲು ಕಂಡರೆ ಆಗದು. ಚಲನೆ ಕಡಿಮೆ ಇರಲಿ ಎಂದು ಹೇಳುವ ಏರ್ಪಾಡು ಫೋನಿನಲ್ಲಿಯೇ ಇದೆ. ಪುಟ ಅದರ ಮಾತು ಕೇಳಿ ನಡೆಯುವಂತೆ ಮಗ ಬರೆದ. ಈಗ ನನಗೆ ಹೊಸ ಸಾಲು ಜಾರದೆ, ಅರಿಸಿನ ಬಣ್ಣದಲ್ಲಿ ಬಂದು ಮೆಲ್ಲಗೆ ಮಾಸುತ್ತದೆ.

ನಿನ್ನೆ ಅಂಗಡಿಯಲ್ಲಿ ಪಟ್ಟಿಯ ತುದಿ ಅರಿಸಿನವಾಯಿತು. ಅಮ್ಮನ ಮಾತ್ರೆ. ಬೇಳೆಯನ್ನು ಅಲ್ಲಿಯೇ ಬಿಟ್ಟು ಮೊದಲು ಔಷಧದಂಗಡಿಗೆ ನಡೆದೆ.