ನಾಲ್ಕು ತತ್ತಿ

ಎತ್ತಿದ ಕಾಲು ಹಂಗೇ ನಿಂತುಬಿಡ್ತು. ಹೆಜ್ಜೆ ಇಡಬೇಕಂದ ಜಾಗದಾಗ ನಾಲ್ಕು ತತ್ತಿ! ಮಣ್ಣಿನ ಬಣ್ಣ, ಮೇಲೆ ಕಪ್ಪು ಚುಕ್ಕಿ, ನಾಲ್ಕರದ್ದೂ ಚೂಪು ತುದಿ ಒಳಗಡೆಗೆ. ಗೂಡಿಲ್ಲ, ಹುಲ್ಲುಕಡ್ಡಿ ಇಲ್ಲ, ಸುತ್ತ ಒಂದಿಷ್ಟು ಹರಳು. ತಲೆ ಮೇಲೆ ಟಿಟ್ಟಿಭ ಹಕ್ಕಿ ಒಂದೇ ಸಮ ಚೀರಾಡಕತ್ತಿತ್ತು.

ಇವತ್ತು ಮುಂಜಾನೆ, ಸವದತ್ತಿ ಹತ್ತಿರ ಮಲಪ್ರಭೆಯ ಹಿನ್ನೀರಿನ ದಂಡಿ. ನಿನ್ನೆ ಬೈಲಹೊಂಗಲದಿಂದ ಕಿತ್ತೂರ ಕಡೆ ಹೋಗಿದ್ದೆ. ಮುತ್ತುಗ ಕೆಂಪಗೆ ಅರಳ್ಯಾವ, ಮರದ ತುಂಬ ಮೈನಾ, ಸೂರಕ್ಕಿ. ತಂತಿ ಮೇಲೆ ನಮ್ಮ ರಾಜ್ಯಪಕ್ಷಿ ನೀಲಕಂಠ, ಹಾರಿದಾಗ ರೆಕ್ಕೆ ನೋಡಬೇಕು! ಆದ್ರೂ ಈಗ ಮನಸ್ಸೆಲ್ಲ ಈ ತತ್ತಿ ಮ್ಯಾಲೇ ಐತಿ.

ಬ್ಯಾಸಗಿಗೆ ಈ ಹಿನ್ನೀರು, ಅಂದ್ರ ರೇಣುಕಾಸಾಗರದ ನೀರು, ಹಿಂದೆ ಸರಿದ್ರ ನಮಗ ಅದು ಖಾಲಿ ಬಯಲು, ಟಿಟ್ಟಿಭಕ್ಕ ಬಾಣಂತಿ ಕೋಣೆ. ಮಾರ್ಚ್‌ನಿಂದ ಮಳೆಗಾಲದ ತನಕ ಅದು ಬಯಲು ನೆಲದಾಗೇ ತತ್ತಿ ಇಡೋದು. ಅಲ್ಲೇ ನಾವು ಕಾರು ಇಳಸ್ತೀವಿ, ಸೆಲ್ಫಿಗೆ ಓಡಾಡ್ತೀವಿ. ಒಂದು ಚಕ್ರದ ಗುರುತು ತತ್ತಿಗಳಿಂದ ಎರಡೇ ಮೊಳ ದೂರ ಇತ್ತು. ನೋಡಿ ಎದಿ ಝಲ್ಲಂತು.

ಪಕ್ಷಿಧಾಮ ಅಂದ್ರ ನಮಗ ಗೋಕಾಕ ಕಡೆಯ ಘಟಪ್ರಭಾನೇ ನೆನಪಾಗ್ತದ. ಬೋರ್ಡಿಲ್ಲದ ಈ ದಂಡಿಯೂ ಪಕ್ಷಿಧಾಮನೇ ಅಲ್ಲೇನು? ಇಲ್ಲಿ ಅಣೆಕಟ್ಟು ಕಟ್ಟಿದ ಜಾಗದ ಹೆಸರೇ ನವಿಲುತೀರ್ಥ!

ಟಿಟ್ಟಿಭ ಚೀರಿದ್ರ ಅಲ್ಲೇ ನಿಲ್ರಿ, ನೆಲ ನೋಡಿಕೋತ ಬಂದ ಹೆಜ್ಜಿಯಲ್ಲೇ ಹಿಂದ ಸರೀರಿ. ರಾಮದುರ್ಗದ ಕಡೆ ಹೊಳಿದಂಡ್ಯಾಗ ಯಾರರ ಇಂಥ ತತ್ತಿ ಕಂಡೀರೇನು? ಜಾಗದ ಹೆಸರು ಬ್ಯಾಡ, ಎಷ್ಟು ತತ್ತಿ ಇದ್ವು ಅಷ್ಟ ಹೇಳ್ರಿ.