ಗಡ್ಡಿ, ಕುರ್ವ, ಕುದ್ರು

ಈಗಷ್ಟೇ ಬಸ್ಸು ಮಳಖೇಡದ ಸೇತುವೆ ದಾಟ್ತು. ಕಾಗಿಣಾದಾಗ ನೀರು ಇಳದದ. ನಡುವ ಒಂದು ತುಂಡು ನೆಲ ಎದ್ದು ನಿಂತದ, ಮ್ಯಾಲ ಒಂದು ಜಾಲಿಗಿಡ, ಬುಡಕ್ಕ ಎರಡು ಆಡು. ಬಾಜೂಕ ಕುಂತ ಆಯಿ, "ಅಲ್ಲಿ ನೋಡ್ ಯಪ್ಪಾ, ಗಡ್ಡಿ ಮ್ಯಾಲ ಆಡು ಹ್ಯಾಂಗ ಹೋದ್ವು!" ಅಂದ್ಳು.

ಗಡ್ಡಿ! ಆ ಶಬ್ದ ತಲಿಯೊಳಗ ಕುಂತೇಬಿಡ್ತು. ರಾಯಚೂರ ಕಡಿ ಕೃಷ್ಣಾ ನದಿಯೊಳಗ ನಾರದಗಡ್ಡಿ ಅದ. ಅದೇ ಹೊಳಿಯಾಗ ಕುರ್ವಕುಲಾ, ಕುರ್ವಕುರ್ದಾ. ಕುರುವ ಅಂದ್ರ ನಡುಗಡ್ಡೆನೇ. ಕುರ್ವಕುರ್ದಾದ ಕೊನಿಗಿರೋ ಕುರ್ದಾ ನಮ್ಮ ಊರಿನ ಹೆಸರುಗಳಾಗ ಬರೋ ಖುರ್ದ್, ಸಣ್ಣದು ಅನ್ನೋ ಪಾರ್ಸಿ ಶಬ್ದ ಅಂತ ನನಗನ್ನಿಸ್ತದ. ಕನ್ನಡ, ಪಾರ್ಸಿ ಕೂಡೇ ಇರೋದು ನಮ್ಮ ಮಾತಿನ್ಹಂಗ!

ಅದೇ ಕುರ್ವ ಅಷ್ಟು ದೂರದ ಹೊನ್ನಾವರದಾಗ, ಶರಾವತಿ ಸಮುದ್ರ ಸೇರೋ ಕಡಿ, ಮಾವಿನಕುರ್ವೆ ಆಗ್ಯದ. ಕುಂದಾಪುರಕ್ಕ ಹೋದ್ರ ನಡುಗಡ್ಡೆಗೆ ಕುದ್ರು ಅಂತಾರ: ಉಪ್ಪಿನಕುದ್ರು, ಹೇರಿಕುದ್ರು. ಬಿಸಲನಾಡಿನ ಹೊಳಿಗೂ ಕಡಲ ದಂಡಿಗೂ ಕುರ್ವ ಅನ್ನೋ ಒಂದೇ ಶಬ್ದ ಹಬ್ಬ್ಯದಲ್ಲ, ಮೈ ಝುಮ್ ಅಂತು.

ಚಿಂಚೋಳಿ ಮುಲ್ಲಾಮಾರಿ ದಂಡಿಯವರು, ಚಿತ್ತಾಪುರ, ವಾಡಿ, ಶಹಾಬಾದದವರು, ನಿಮ್ಮ ಹಿರಿಯರು ಯಾವ ಗಡ್ಡಿಗೆ, ಯಾವ ಮಡುವಿಗೆ ಏನಂತ ಕರೀತಿದ್ರು? ಇವತ್ತೇ ಕೇಳಿ ಇಲ್ಲಿ ಬರೀರಿ.