ಕೆಡವಿದ ಮೇಲೆ ಉಳಿದದ್ದು

ವರ್ಗವಾಗಿ ಮುಂಬೈಗೆ ಬಂದವನು ಮಾಟುಂಗದಲ್ಲೇ ಉಳಿದುಬಿಟ್ಟೆ. ನಮ್ಮ ಮೂರು ಮಹಡಿಯ ಹಳೇ ಕಟ್ಟಡ ಕೆಡವಿ ಟವರ್ ಕಟ್ಟುತ್ತಾರಂತೆ. ಒಪ್ಪಿಗೆ ಪತ್ರವನ್ನು ಮೇಜಿನ ಮೇಲೇ ಬಿಟ್ಟು, ಮಗಳ ಮನೆಗೆಂದು ಶಿಕಾಗೋಗೆ ಹೋದೆ.

1871ರ ಬೆಂಕಿಯಲ್ಲಿ ಆ ಊರಿನ ನಡುಭಾಗವೇ ಸುಟ್ಟುಹೋಗಿತ್ತು. ಮುಂದಿನ ವರ್ಷಗಳಲ್ಲಿ ಗೋಡೆಯ ಬದಲು ಲೋಹದ ಚೌಕಟ್ಟೇ ಭಾರ ಹೊರುವ ಕಟ್ಟಡಗಳು ಎದ್ದವು. 1891ರಲ್ಲಿ ಮುಗಿದ ಮೊನಾಡ್ನಾಕ್ ಕಟ್ಟಡದ ಉತ್ತರಾರ್ಧ ಮಾತ್ರ ಹಳೇ ಪದ್ಧತಿಯದು. ಹದಿನಾರು ಮಹಡಿ ಹೊರಲು ಬುಡದಲ್ಲಿ ಗೋಡೆ ಆರು ಅಡಿ ದಪ್ಪ! 110 ಮಹಡಿಯ ಸಿಯರ್ಸ್ ಟವರಿನ ಇಂಜಿನಿಯರ್ ಫಜ್ಲುರ್ ಖಾನ್ ನಮ್ಮ ನೆರೆಯ ಢಾಕಾದವರು ಅಂತ ಗೊತ್ತಾಗಿ ಖುಷಿಯಾಯಿತು.

ಆದರೆ ಮನಸ್ಸು ನಿಂತದ್ದು ಆರ್ಟ್ ಇನ್‌ಸ್ಟಿಟ್ಯೂಟಿನ ಹೊರಗೆ ಒಂಟಿಯಾಗಿ ನಿಂತ ಕಮಾನಿನ ಹತ್ತಿರ. ಆಡ್ಲರ್ ಮತ್ತು ಸಲಿವನ್ 1894ರಲ್ಲಿ ಕಟ್ಟಿ ಮುಗಿಸಿದ ಷೇರುಪೇಟೆಯ ಬಾಗಿಲದು. 1972ರಲ್ಲಿ ಕಟ್ಟಡ ಕೆಡವುವಾಗ, ಅದರ ಅಲಂಕಾರದ ತುಣುಕುಗಳನ್ನಾದರೂ ಉಳಿಸೋಣವೆಂದು ಒಳಹೋದ ಛಾಯಾಗ್ರಾಹಕ ರಿಚರ್ಡ್ ನಿಕೆಲ್ ಕುಸಿತಕ್ಕೆ ಸಿಕ್ಕಿ ತೀರಿಕೊಂಡರು. ವಹಿವಾಟಿನ ಹಾಲನ್ನು ಮ್ಯೂಸಿಯಮ್ಮಿನೊಳಗೆ ಮತ್ತೆ ಜೋಡಿಸಿದ್ದಾರೆ. ಲೆಕ್ಕವೂ ಇಲ್ಲ, ಕೂಗಾಟವೂ ಇಲ್ಲ.

"ಎಷ್ಟು ಚೆನ್ನಾಗಿ ಉಳಿಸಿದಾರಲ್ವಾ ಅಪ್ಪ?" ಅಂದಳು ಮಗಳು.

"ಕೆಡವಿದ ಮೇಲೆ ತಾನೇ ಮಗಳೇ ಉಳಿಸಿದ್ದು!" ಅಂದೆ.

ವಾಪಸು ಬಂದು ಸಹಿ ಹಾಕಿದೆ. ನಮ್ಮ ಸೂರು ಸೋರುತ್ತದೆ, ನನ್ನಾಕೆಗೆ ಮಂಡಿನೋವು, ಲಿಫ್ಟ್ ಬೇಕು. ನಮ್ಮದೇನು ಸಲಿವನ್ ಕಟ್ಟಿದ್ದೂ ಅಲ್ಲ ಬಿಡಿ. ಆದರೂ ಬ್ಯಾಂಕಿನಲ್ಲಿ ಸಾವಿರಾರು ಸಹಿ ಹಾಕಿದ ಕೈ ಅಂದು ಒಂದು ಕ್ಷಣ ತಡೆಯಿತು. ನಮ್ಮ ಬಾಗಿಲಿನ ಹೊಸ್ತಿಲನ್ನು ಮಾತ್ರ ನನಗೆ ಕೊಡಿ ಅಂತ ಬಿಲ್ಡರನ್ನು ಕೇಳಿದ್ದೇನೆ. ಅವನು ನಗುತ್ತಲೇ ಹೂಂ ಅಂದಿದ್ದಾನೆ.